ಸೀತೂರು ಧರ್ಮಪ್ಪನ ತಿರುಗುವ ಪೈಪು

ಸೀತೂರಿನ ಧರ್ಮಪ್ಪ ಬೀಡಿ ಸೇದಿದವನಲ್ಲ, ಸಿಗರೇಟು ಮುಟ್ಟಿದವನಲ್ಲ. ಅಂಥವನು ತಂಬಾಕು ಸೇದುವ ಮರದ ಪೈಪು ಮಾಡುತ್ತಾನೆ ಎಂದರೆ ಬಾಳಗಡಿಯ ನನ್ನ ಅಂಗಡಿಗೆ ಬಂದವರು ಮೊದಲು ನಗುತ್ತಾರೆ, ಆಮೇಲೆ ಪೈಪನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ, ಕೊನೆಗೆ ಬೆಲೆ ಕೇಳಿ ಜೋಪಾನವಾಗಿ ಕೆಳಗಿಡುತ್ತಾರೆ. ನಗುವವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಅಂಗಡಿಯಲ್ಲಿ ಹಾಳೆತಟ್ಟೆ, ಲಟ್ಟಣಿಗೆ, ಕಡೆಗೋಲು, ಜೇನುತುಪ್ಪ, ಊರುಗೋಲು ಎಲ್ಲ ಇವೆ. ಊರುಗೋಲು ಹಿಡಿಯದ ನಾನು ಊರುಗೋಲು ಮಾರುತ್ತಿಲ್ಲವೇ? ಆದರೆ ಸೇದದವನು ಪೈಪು ಮಾಡಲು ಹೊರಟರೆ ಎಲ್ಲಿ ಎಡವುತ್ತಾನೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವನು ಎಡವಿದ್ದು ನಾವೆಲ್ಲ ಅಂದುಕೊಂಡ ಜಾಗದಲ್ಲಿ ಅಲ್ಲ.

ಧರ್ಮಪ್ಪನನ್ನು ನೋಡದವರಿಗಾಗಿ ಹೇಳುತ್ತೇನೆ. ಐವತ್ತು ದಾಟಿದ ವಯಸ್ಸು, ಕಡ್ಡಿಯಂಥ ಮೈ, ತಲೆಗೆ ಸುತ್ತಿದ ಟವೆಲು, ಎಡಗೆನ್ನೆಯಲ್ಲಿ ಒಂದು ಉಬ್ಬು. ಹೊಸಬರು ಹಲ್ಲುನೋವೇ ಎಂದು ಕೇಳುತ್ತಾರೆ. ಹಲ್ಲುನೋವಲ್ಲ, ಎಲಡಿಕೆ. ಬೆಳಿಗ್ಗೆ ಕಾಫಿ ಕುಡಿದು ಹಾಕಿದ ಕವಳ ಊಟದ ಹೊತ್ತಿಗೆ ಇಳಿಯುತ್ತದೆ, ಕೈ ತೊಳೆದ ಮೇಲೆ ಮತ್ತೊಂದು ಏರುತ್ತದೆ. ಆ ಉಬ್ಬಿಲ್ಲದ ಧರ್ಮಪ್ಪನನ್ನು ನಾನು ಅವನ ಆಧಾರ್ ಕಾರ್ಡಿನಲ್ಲಿ ಮಾತ್ರ ನೋಡಿದ್ದೆ. ಅದರಲ್ಲಿ ತನ್ನದೇ ತಮ್ಮನ ಹಾಗೆ ಕಾಣುತ್ತಾನೆ.

ಮೊದಲು ಅವನು ಯಜ್ಞೇಶರ ತೋಟದ ಕೆಲಸಕ್ಕೆ ಹೋಗುತ್ತಿದ್ದ. ಯಜ್ಞೇಶರೆಂದರೆ ಅದೇ ಊರಿನ ಅಡಿಕೆ ತೋಟದವರು, ಪಕ್ಕದ ಗುಡ್ಡದಲ್ಲಿ ಸ್ವಲ್ಪ ಕಾಫಿಯೂ ಉಂಟು. ಒಂದು ಮಳೆಗಾಲ ಸೊಪ್ಪಿನ ಹೊರೆ ಹೊತ್ತು ಕಾಲುಸಂಕ ದಾಟುವಾಗ ಧರ್ಮಪ್ಪ ಜಾರಿ ಹಳ್ಳಕ್ಕೆ ಬಿದ್ದ. ಹೊರೆ ತೇಲಿಹೋಯಿತು, ಮೊಣಕಾಲು ಅಲ್ಲೇ ನಿಂತಿತು. ಅಂದಿನಿಂದ ಅದು ಪೂರ್ತಿ ಮಡಚುವುದಿಲ್ಲ. ತೋಟದ ಕೆಲಸ ತಪ್ಪಿದ ಮೇಲೆ ಅವನು ಹಳೆಯ ಪಂಪ್‌ಸೆಟ್ಟಿನ ಮೋಟಾರು ಕೂರಿಸಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಲೇಥು ಮಾಡಿಕೊಂಡ. ಲಟ್ಟಣಿಗೆ, ಕಡೆಗೋಲು ತಿರುಗಿಸಿ ನನಗೆ ಕೊಡತೊಡಗಿದ. ಒಳ್ಳೆಯ ಸಾಮಾನು. ತೊಂದರೆ ಏನೆಂದರೆ, ಒಳ್ಳೆಯ ಲಟ್ಟಣಿಗೆ ಕೊಂಡವಳು ಮತ್ತೆ ಲಟ್ಟಣಿಗೆ ಕೊಳ್ಳಲು ಬರುವುದಿಲ್ಲ.

ಪೈಪು ಶುರುವಾದದ್ದು ಯಜ್ಞೇಶರಿಂದಲೇ. ಅವರಿಗೆ ಎರಡು ಅಭ್ಯಾಸ. ಒಂದು ಕವಳ, ಅದು ಮನೆತನದ್ದು. ಇನ್ನೊಂದು ಪೈಪು, ಅದು ಎಸ್ಟೇಟಿನ ಸ್ನೇಹಿತರ ಜೊತೆ ಕೂತು ಕಲಿತದ್ದು. ಎರಡನ್ನೂ ಒಟ್ಟಿಗೇ ನಡೆಸುತ್ತಾರೆ. ಅವರ ಬಾಯಿಗೆ ಭಾನುವಾರವೂ ರಜೆ ಇಲ್ಲ. ಅವರ ಪೈಪು ಒಮ್ಮೆ ಕಣದ ಕಲ್ಲಿನ ಮೇಲೆ ಬಿದ್ದು ಸೀಳಿತು. ಇಂಥದ್ದೊಂದು ಮಾಡಿಕೊಡು ಎಂದು ಧರ್ಮಪ್ಪನ ಕೈಗೆ ಕೊಟ್ಟರು. ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬುಡ ಎಷ್ಟು ಬೇಕಾದರೂ ಬಿದ್ದಿತ್ತು. ಗಂಟುಗಂಟಾದ, ಕಲ್ಲಿನಂಥ ಮರ. ಧರ್ಮಪ್ಪ ಅದರಲ್ಲಿ ತಂಬಾಕು ತುಂಬುವ ಬಟ್ಟಲು ಕೊರೆದು, ಹಳೇ ಪೈಪಿನ ಕಪ್ಪು ಕೊಳವೆಯನ್ನು ಅದಕ್ಕೆ ಜೋಡಿಸಿ, ಅರದಿಂದ ಉಜ್ಜಿ ಕೊಟ್ಟ. ಯಜ್ಞೇಶರು ಅದನ್ನು ಕಚ್ಚಿಕೊಂಡೇ ನನ್ನ ಅಂಗಡಿಗೆ ಬಂದರು.

“ನೋಡಿ ಮಾರಾಯ್ರೆ,” ಎಂದು ಎರಡೂ ಕೈ ಎತ್ತಿ ತೋರಿಸಿದರು. “ಕೈ ಹಚ್ಚೋದೇ ಬೇಡ. ಕಂಬ ನೆಟ್ಟಂಗೆ ನಿಲ್ತದೆ.”

ನಾನು ವ್ಯಾಪಾರದವನು. ಕಸದ ರಾಶಿಯಿಂದ ಬಂದ ಮರ ಕಂಬದ ಹಾಗೆ ನಿಲ್ಲುತ್ತದೆ ಎಂದರೆ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಮೈಸೂರಿನಲ್ಲಿ ಸತೀಶರೆಂಬವರ ಅಂಗಡಿ ಇದೆ, ನನ್ನಿಂದ ಊರುಗೋಲು ತರಿಸುತ್ತಾರೆ, ಪೈಪೂ ಮಾರುತ್ತಾರೆ. ಬಾಯಿಗಿಡುವ ಕೊಳವೆ ಅವರೇ ಕಳಿಸುವುದು, ಮರದ ಕೆಲಸ, ಜೋಡಣೆ, ಬಗ್ಗಿಸುವುದು, ಉಜ್ಜುವುದು ಧರ್ಮಪ್ಪನದು ಎಂದು ಮಾತಾಯಿತು.

ಮೊದಲ ಗಿರಾಕಿ ಹೊಗಳಿದರೆ ಕಸುಬಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಯಜ್ಞೇಶರಂಥವರೇ ಮೆಚ್ಚಿದ್ದಾರೆ ಎಂಬುದು ಧರ್ಮಪ್ಪನ ತಲೆಯಲ್ಲಿ ಕೂತುಬಿಟ್ಟಿತ್ತು. ಸತೀಶರಿಗೆ ಬರೆಯುವ ಅಭ್ಯಾಸವಿಲ್ಲ, ಫೋನಿನಲ್ಲಿ ಮಾತಾಡಿ ಕಳಿಸುತ್ತಾರೆ. ನಾನು ಓಮ್ನಿ ತೆಗೆದುಕೊಂಡು ಸೀತೂರಿಗೆ ಹೋಗಿ ಧರ್ಮಪ್ಪನ ಅಂಗಳದಲ್ಲಿ ಅದನ್ನು ಹಾಕಿ ಕೇಳಿಸುತ್ತಿದ್ದೆ. ಮೊದಲನೆಯದು ಹೀಗಿತ್ತು: “ಸಾರ್, ಮರ ಚೆನ್ನಾಗಿದೆ. ಆದ್ರೆ ಶೇಪು? ಬುಗುರಿಗೆ ಕಡ್ಡಿ ಚುಚ್ಚಿದ ಹಾಗಿದೆ. ಆಮೇಲೆ ಒಳಗೆ ತೂತು ಮೇಲಾಯ್ತು. ತಳದ ತಂಬಾಕು ಉರಿಯಲ್ಲ, ನೀರು ನಿಂತು ಗೊರಗೊರ ಅನ್ನತ್ತೆ.”

ಧರ್ಮಪ್ಪ ಕೇಳಿಸಿಕೊಂಡ. ಅಂಗಳದ ಅಂಚಿಗೆ ಹೋಗಿ ಉಗಿದು ಬಂದ. “ಎಂತ ಸಾವ್ಕಾರ್ರೆ, ಪೈಪು ಸರಿ ಇದೆ. ಅವ್ರ ಬಾಯಿ ಸರಿ ಇಲ್ಲ.”

ಅಷ್ಟು ಹೇಳಿದವನು ಮಾರನೇ ವಾರದ ಪೈಪಿನಲ್ಲಿ ತೂತನ್ನು ತಳಕ್ಕೆ ತಂದಿದ್ದ. ಬುಗುರಿಯ ಆಕಾರವೂ ಹೋಗಿ ಕೋಳಿಮೊಟ್ಟೆಯ ಬುಡದಷ್ಟು ನುಣ್ಣಗಿನ ದುಂಡು ಬಂದಿತ್ತು. ಅವನ ಕ್ರಮವೇ ಹಾಗೆ. ಬಾಯಲ್ಲಿ ಒಪ್ಪುವುದಿಲ್ಲ, ಕೈಯಲ್ಲಿ ಒಪ್ಪುತ್ತಾನೆ. ನಾನು ಅವನ ಬಾಯಿಯ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟೆ.

ಆಮೇಲಿನ ದೂರು ಬಟ್ಟಲಿನ ಗೋಡೆ ತೆಳುವಾಯಿತು, ಕೈ ಸುಡುತ್ತದೆ ಎಂದು. ಅವರ ಬಾಯಿ ಸರಿ ಇಲ್ಲ ಎಂದ. ಗೋಡೆ ದಪ್ಪ ಮಾಡಿದ. ಇನ್ನೊಮ್ಮೆ ಸತೀಶರ ದನಿಯಲ್ಲಿ ನಗು: “ಸಾರ್, ಹೊಗೆ ಎಳೆದ್ರೆ ಹಪ್ಪಳ ಕರಿದ ವಾಸನೆ ಬರ್ತಿದೆಯಂತೆ. ಏನು ಹಚ್ತಾರೆ ಅವ್ರು?” ಕೇಳಿದರೆ ಕೊಬ್ಬರಿ ಎಣ್ಣೆ. ಕಡೆಗೋಲಿಗೆ ಹಚ್ಚಿ ಹೊಳಪು ಬರಿಸುವ ಹಾಗೆ ಪೈಪಿಗೂ ಒಳಗೂ ಹೊರಗೂ ತಿಕ್ಕಿದ್ದ. ನನ್ನ ಅಂಗಡಿಯ ಜೇನಿನವನ ಹತ್ತಿರ ಮೇಣ ತರಿಸಿ, ಹೊರಗೆ ಮಾತ್ರ ಹಚ್ಚು ಎಂದೆ. “ಹಪ್ಪಳದ ವಾಸ್ನೆ ಬಂದ್ರೆ ಎಂತ ಕೆಟ್ಟದ್ದು? ಹೊಗೆಸೊಪ್ಪಿನ ವಾಸ್ನೆಗಿಂತ ಲೇಸಲ್ದಾ?” ಎಂದು ಅವನ ಹೆಂಡತಿ ಭೈರಮ್ಮ ಒಳಗಿನಿಂದಲೇ ಕೇಳಿದಳು. ನನಗೂ ಹಾಗೇ ಅನ್ನಿಸಿತ್ತು, ಆದರೆ ವ್ಯಾಪಾರಿಗೆ ಅನ್ನಿಸಿದ್ದನ್ನೆಲ್ಲ ಹೇಳುವ ಸ್ವಾತಂತ್ರ್ಯವಿಲ್ಲ.

ಹೀಗೆ ಒಂದೊಂದೇ ದೂರು ಬಂದು ಒಂದೊಂದೇ ತೀರಿತು. ಒಂದು ಮಾತ್ರ ತೀರಲಿಲ್ಲ.

ಪೈಪು ಬಾಯಲ್ಲಿ ತಿರುಗುತ್ತದೆ. ಹಲ್ಲಲ್ಲಿ ಕಚ್ಚಿ ಕೈ ಬಿಟ್ಟರೆ ಬಟ್ಟಲು ನಿಧಾನಕ್ಕೆ ಒಂದು ಪಕ್ಕಕ್ಕೆ ವಾಲಿ ಮಗುಚುತ್ತದೆ. ಒಬ್ಬರಲ್ಲ, ಕೊಂಡವರೆಲ್ಲ ಹೇಳಿದರು. ಒಬ್ಬ ಗಿರಾಕಿಯ ಅಂಗಿಯ ಮೇಲೆ ಕೆಂಡ ಬಿದ್ದು ತೂತಾಯಿತು. ಆ ತೂತಿನ ಫೋಟೋವನ್ನು ಸತೀಶರು ನನಗೆ ಕಳಿಸಿದರು. ಧರ್ಮಪ್ಪ ಬಟ್ಟಲಿನ ತೂಕ ಇಳಿಸಿದ. ತಿರುಗುತ್ತದೆ ಎಂದರು. ಕೊಳವೆ ಗಿಡ್ಡ ಮಾಡಿದ. ತಿರುಗುತ್ತದೆ. ಬಿಸಿನೀರಲ್ಲಿ ಅದ್ದಿ ಇನ್ನಷ್ಟು ಬಗ್ಗಿಸಿದ. ಇನ್ನೂ ಚೆನ್ನಾಗಿ ತಿರುಗುತ್ತದೆ ಎಂದರು.

ಈ ಸಲ ಮಾತ್ರ ಅವನು ಕೈಯಲ್ಲೂ ಒಪ್ಪುವ ಸ್ಥಿತಿಯಲ್ಲಿರಲಿಲ್ಲ, ಯಾಕೆಂದರೆ ಸಾಕ್ಷಿ ಅವನ ಕಡೆಗಿತ್ತು. ಪ್ರತಿಯೊಂದು ಪೈಪನ್ನೂ ಅವನು ಕೊನೆಯಲ್ಲಿ ತನ್ನ ಹಲ್ಲಲ್ಲೇ ಕಚ್ಚಿ ನೋಡುತ್ತಿದ್ದ. ಕಚ್ಚುವುದು, ತೆಗೆಯುವುದು, ತುದಿಗೆ ಎರಡು ಸಲ ಅರ ಆಡಿಸುವುದು, ಮತ್ತೆ ಕಚ್ಚುವುದು. ನೆಟ್ಟಗೆ ನಿಲ್ಲುವ ತನಕ ಬಿಡುತ್ತಿರಲಿಲ್ಲ. ನನ್ನೆದುರಿಗೇ ಪೈಪು ಕಚ್ಚಿಕೊಂಡು ಅಂಗಳದ ಈ ತುದಿಯಿಂದ ಆ ತುದಿಗೆ ಕುಂಟುತ್ತ ನಡೆದ, ತಲೆ ಕೊಡವಿದ, ಹಲ್ಲು ಬಿಡದೆಯೇ ಕೋಳಿಯನ್ನು ಬೈದ. ಪೈಪು ಕದಲಲಿಲ್ಲ.

“ಕೊಡು, ನಾನೊಂದು ನೋಡ್ತೆ,” ಎಂದು ಒರೆಸಿ ಬಾಯಿಗಿಟ್ಟೆ. ಒಂದು ನಿಮಿಷ ನಿಂತಿತು, ಆಮೇಲೆ ಮೆಲ್ಲಗೆ ಬಲಕ್ಕೆ ಹೊರಳಿತು.

ಧರ್ಮಪ್ಪ ನನ್ನನ್ನು ಮರುಕದಿಂದ ನೋಡಿದ. “ನಿಮ್ದೂ ಮೈಸೂರ್ನೋರ ಬಾಯಿನೇ ಆಯ್ತಲ್ಲ, ಸಾವ್ಕಾರ್ರೆ.”

ಈ ಜಗಳ ಅಂಗಳದಲ್ಲೇ ಇದ್ದಿದ್ದರೆ ತಮಾಷೆಯಾಗಿಯೇ ಇರುತ್ತಿತ್ತು. ಆದರೆ ಅದರ ಹಿಂದೆ ಇನ್ನೊಂದು ಕಾದು ಕೂತಿತ್ತು. ಯುಗಾದಿ ಕಳೆದ ಮೇಲೆ ಮಂಗಗಳು ತೋಟಕ್ಕೆ ಇಳಿಯುತ್ತವೆ. ಎಳೆ ಕಾಯಿ ಕಿತ್ತು, ಕಚ್ಚಿ, ಎಸೆದು ಹೋಗುತ್ತವೆ. ಯಜ್ಞೇಶರ ತೋಟದ ತಲೆಯಲ್ಲಿ ಒಂದು ಅಟ್ಟಣೆ ಇದೆ. ಅದರ ಮೇಲೆ ಕೂತು ಡಬ್ಬ ಬಡಿಯುವವನೊಬ್ಬ ಬೇಕಿತ್ತು. ಮಂಡಿ ಮಡಚದವನಿಗೆ ಹೇಳಿ ಮಾಡಿಸಿದ ಕೆಲಸ ಎಂದು ಯಜ್ಞೇಶರು ಪ್ರೀತಿಯಿಂದಲೇ ಧರ್ಮಪ್ಪನನ್ನು ಕರೆದಿದ್ದರು. ಯುಗಾದಿಗೆ ಹೇಳುತ್ತೇನೆ ಎಂದು ಅವನು ಜಾರಿಕೊಂಡಿದ್ದ.

ಭೈರಮ್ಮನಿಗೆ ಆ ಕೆಲಸದಲ್ಲಿ ಯಾವ ದೋಷವೂ ಕಾಣಲಿಲ್ಲ. “ಮಂಗ ಬಂದ್ರೂ ಕೂಲಿ, ಬರ್ದೇ ಇದ್ರೂ ಕೂಲಿ. ಮಂಗ ಯಾವತ್ತಾದ್ರೂ ‘ಡಬ್ಬದ ಶಬ್ದ ಸರಿ ಇಲ್ಲ’ ಅಂತ ವಾಪಸ್ ಕಳ್ಸ್ತದಾ?”

ನಾನು ಓಮ್ನಿಯ ಹತ್ತಿರ ಬಂದಾಗ ಧರ್ಮಪ್ಪ ಹಿಂದೆಯೇ ಬಂದು, ಬಾಗಿಲು ಹಿಡಿದುಕೊಂಡು, ದನಿ ಇಳಿಸಿ ಹೇಳಿದ: “ಸಾವ್ಕಾರ್ರೆ, ಈ ಕೈಯಲ್ಲಿ ಉಳಿ ಹಿಡ್ದು ಆಯ್ತು. ಇನ್ನು ಡಬ್ಬ ಹಿಡ್ಯಾಕೆ ಮನ್ಸು ಬರಲ್ಲ. ನಾಕು ಜನ ದಾರೀಲಿ ಹೋಗೋರು ‘ಮಂಗ ಬಂತಾ ಧರ್ಮಪ್ಪ’ ಅಂತ ಕೇಳ್ತಾರೆ. ದಿನಾ ಕೇಳ್ತಾರೆ.”

ಅದೇ ವಾರ ಸತೀಶರು ಕೊನೆಯ ಮಾತು ಕಳಿಸಿದರು. ದನಿಯಲ್ಲಿ ನಗು ಇರಲಿಲ್ಲ. “ಸಾರ್, ಬೇಜಾರು ಮಾಡ್ಕೋಬೇಡಿ. ಇನ್ನೊಂದೇ ಒಂದು ಪೈಪು ಕಳಿಸಿ. ಅದೂ ತಿರುಗಿದ್ರೆ ಇಲ್ಲಿಗೆ ಸಾಕು. ಊರುಗೋಲು ಮಾತ್ರ ಇಟ್ಕೊಳ್ಳೋಣ.”

ಧರ್ಮಪ್ಪ ಆ ಒಂದನ್ನು ಮಾಡಿದ. ನೋಡಲು ಅದರಷ್ಟು ಚೆಂದದ್ದನ್ನು ಅವನು ಅಲ್ಲಿಯವರೆಗೆ ಮಾಡಿರಲಿಲ್ಲ. ಕಾಫಿ ಬುಡದ ಗಂಟು ಬಟ್ಟಲಿನ ಮುಂಭಾಗಕ್ಕೇ ಬಂದು ನೀರಿನ ಸುಳಿಯ ಹಾಗೆ ಕೂತಿತ್ತು. ಅವನ ಹಲ್ಲಲ್ಲಿ ಕಂಬದ ಹಾಗೆ ನಿಂತಿತು, ನನ್ನ ಹಲ್ಲಲ್ಲಿ ತಿರುಗಿತು. ಅದನ್ನು ಮೈಸೂರಿಗೆ ಕಳಿಸುವ ಧೈರ್ಯ ನನಗಾಗಲಿಲ್ಲ.

ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ಸುಬ್ಬರಾಯರಿದ್ದಾರೆ. ಕಾಫಿ ಎಸ್ಟೇಟುಗಳಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು, ನನ್ನಲ್ಲಿ ಜೇನು ಕೊಳ್ಳುತ್ತಾರೆ. ಜೀವಮಾನವಿಡೀ ಪೈಪು ಸೇದಿದ ಅವರಿಗೆ ಡಾಕ್ಟರು ತಂಬಾಕು ಬಿಡಿಸಿದ್ದಾರೆ. ತಂಬಾಕು ಬಿಟ್ಟರು, ಪೈಪು ಬಿಡಲಿಲ್ಲ. ಖಾಲಿ ಪೈಪನ್ನು ಬೆಳಗಿನಿಂದ ಸಂಜೆಯವರೆಗೆ ಕಚ್ಚಿಕೊಂಡೇ ಪೇಪರು ಓದುತ್ತಾರೆ, ಪಂಪಿನವನನ್ನು ಬೈಯುತ್ತಾರೆ, ಮಧ್ಯಾಹ್ನ ತೂಕಡಿಸುತ್ತಾರೆ. ಬಾಯಲ್ಲಿ ಪೈಪು ನಿಲ್ಲುವ ವಿಷಯದಲ್ಲಿ ಅವರಿಗಿಂತ ಹೆಚ್ಚಿನ ಅನುಭವ ಈ ಮೂರು ತಾಲ್ಲೂಕಿನಲ್ಲಿ ಯಾರಿಗೂ ಇರಲಾರದು. ಧರ್ಮಪ್ಪನನ್ನು ಓಮ್ನಿಗೆ ಹತ್ತಿಸಿಕೊಂಡು ಮೆಣಸೆಗೆ ಹೋದೆ. ಅವನು ದಾರಿಯುದ್ದಕ್ಕೂ ಪೈಪನ್ನು ಕಚ್ಚಿಕೊಂಡೇ ಕೂತಿದ್ದ. ಘಟ್ಟದ ಅಷ್ಟೂ ತಿರುವುಗಳಲ್ಲಿ ನಾವಿಬ್ಬರೂ ವಾಲಿದೆವು, ಪೈಪು ವಾಲಲಿಲ್ಲ.

ಸುಬ್ಬರಾಯರು ಜಗಲಿಯಲ್ಲೇ ಇದ್ದರು. ತಮ್ಮ ಪೈಪನ್ನು ತೆಗೆದು ಕುರ್ಚಿಯ ಕೈ ಮೇಲಿಟ್ಟು, ಧರ್ಮಪ್ಪನದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. “ಮರ ಚೆಂದ. ಕೆಲ್ಸ ಚೆಂದ. ಸುಬ್ಬಲಕ್ಷ್ಮೀ, ಸ್ವಲ್ಪ ಬಿಸಿನೀರು ತಾರೆ, ಇದನ್ನ ತೊಳೀಬೇಕು.”

ತೊಳೆದು ಕಚ್ಚಿಕೊಂಡು ಪೇಪರು ಬಿಡಿಸಿದರು. ಒಂದು ಪುಟ ಮಗುಚುವಷ್ಟರಲ್ಲಿ ಪೈಪು ಬಲಭುಜದ ಕಡೆಗೆ ವಾಲಿತ್ತು. “ತಿರುಗ್ತದಲ್ಲ ಮಾರಾಯ.”

“ಇಲ್ಲ ಅಯ್ಯ, ಇಲ್ಲಿ ಕೊಡಿ,” ಎಂದ ಧರ್ಮಪ್ಪ. ಮತ್ತೆ ಬಿಸಿನೀರು. ಅವನು ಕಚ್ಚಿ, ಕೈ ಬಿಟ್ಟು, ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದ. ಕದಲಲಿಲ್ಲ. ಮತ್ತೆ ಬಿಸಿನೀರು. ಸುಬ್ಬರಾಯರ ಬಾಯಲ್ಲಿ ಮತ್ತೆ ತಿರುಗಿತು. ಅವರ ಹೆಂಡತಿ ಸುಬ್ಬಲಕ್ಷ್ಮಮ್ಮನವರು ಚೊಂಬು ಹಿಡಿದು ಬಾಗಿಲಲ್ಲೇ ನಿಂತರು. “ಎಂತ, ನಾನು ಇಲ್ಲೇ ಒಲೆ ಹೂಡ್ಲಾ? ಮೊದ್ಲು ಎಲ್ಲರೂ ಕಾಫಿ ಕುಡೀರಿ. ಪೈಪು ಎಲ್ಲಿಗೂ ಓಡಿ ಹೋಗೂದಿಲ್ಲೆ.”

ಕಾಫಿ ಬಂತು. ಧರ್ಮಪ್ಪ ಅಂಗಳದ ಮೂಲೆಗೆ ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ ಬಂದು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದ. ಸುಬ್ಬರಾಯರು ತಲೆ ಅಲ್ಲಾಡಿಸಿದರು. “ಇನ್ನೊಂದ್ ಸಲ ನೀನೇ ಕಚ್ಚಿ ತೋರ್ಸು. ನಿನ್ನ ಹಲ್ಲಿನಲ್ಲಿ ಎಂತ ವಿದ್ಯೆ ಉಂಟು, ನೋಡ್ತೆ.”

ಧರ್ಮಪ್ಪ ಹೆಮ್ಮೆಯಿಂದಲೇ ಪೈಪನ್ನು ಎಡಗಡೆಯ ಹಲ್ಲಿಗಿಟ್ಟು ಕೈ ಬಿಟ್ಟ.

ಪೈಪು ಮೆಲ್ಲಗೆ ಬಲಕ್ಕೆ ಹೊರಳಿತು.

ಅವನು ಅದನ್ನು ನೆಟ್ಟಗೆ ಮಾಡಿ ಮತ್ತೆ ಕೈ ಬಿಟ್ಟ. ಮತ್ತೆ ಹೊರಳಿತು. ಪೈಪು ತೆಗೆದು ಹಿಂದೆ ಮುಂದೆ ನೋಡಿದ, ನನ್ನನ್ನು ನೋಡಿದ, ಕಾಫಿ ಲೋಟವನ್ನು ನೋಡಿದ. “ಬರೋವಾಗ ಸರಿ ಇತ್ತಲ್ದಾ ಸಾವ್ಕಾರ್ರೆ? ನೀವೇ ನೋಡಿದೀರಿ. ಬಿಸಿನೀರು ಹಾಕೀ ಹಾಕೀ ಎಂತೋ ಆಗಿದೆ.”

“ಹೌದಪ್ಪ, ನನ್ನ ಬಿಸಿನೀರಿನದ್ದೇ ತಪ್ಪು,” ಎಂದು ಸುಬ್ಬಲಕ್ಷ್ಮಮ್ಮ ಕವಳದ ತಟ್ಟೆಯನ್ನು ಅವನ ಮುಂದೆ ಇಟ್ಟರು. ಕಾಫಿ ಕೊಟ್ಟ ಮೇಲೆ ಕವಳ ಕೊಡದ ಮನೆ ನಮ್ಮ ಕಡೆ ಇಲ್ಲ. ಕೊಟ್ಟ ಕವಳವನ್ನು ಬೇಡ ಎನ್ನುವವನೂ ಇಲ್ಲ. ಧರ್ಮಪ್ಪ ಚಿಂತೆಯಲ್ಲೇ ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ, ಮಡಚಿ ಎಡಗೆನ್ನೆಗೆ ತುಂಬಿಕೊಂಡ. ಎರಡು ಸಲ ಅಗಿದ. ಪೈಪನ್ನು ಮತ್ತೆ ಹಲ್ಲಿಗಿಟ್ಟ.

ಕಂಬ ನೆಟ್ಟ ಹಾಗೆ ನಿಂತಿತು.

ಸುಬ್ಬರಾಯರು ಕನ್ನಡಕ ಸರಿ ಮಾಡಿಕೊಂಡು ಅವನ ಕೆನ್ನೆಯನ್ನೇ ನೋಡಿದರು. ನಾನೂ ನೋಡಿದೆ. ಇಷ್ಟು ದಿನ ನೋಡುತ್ತಲೇ ಇದ್ದ ಉಬ್ಬು. ಧರ್ಮಪ್ಪ ಎದ್ದು ಅಂಗಳದ ಮೂಲೆಗೆ ಹೋದ. ಆಗತಾನೆ ಹಾಕಿದ, ಇನ್ನೂ ಕೆಂಪು ಬಿಡದ ಕವಳವನ್ನು, ಅದೂ ಕೊಟ್ಟವರ ಎದುರೇ, ಉಗಿದ. ಅವನು ಅಂಥ ಕೆಲಸ ಮಾಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನಮಗೆ ಬೆನ್ನು ಹಾಕಿ ನಿಂತು ಪೈಪನ್ನು ಕಚ್ಚಿದ. ಬೆನ್ನ ಹಿಂದಿನಿಂದಲೂ ಕಾಣುತ್ತಿತ್ತು, ಬಟ್ಟಲು ಬಲಗಡೆಗೆ ಹೊರಳಿ ಹೊರಗೆ ಬಂದದ್ದು.

ವಾಪಸು ಬಂದು ಮೆಟ್ಟಿಲ ಮೇಲೆ ಕೂತು ಹೇಳಿದ: “ಎಲ್ಲರ ಬಾಯೂ ಸರಿ ಇತ್ತು, ಅಯ್ಯ.”

ಸುಬ್ಬರಾಯರು ಈಗ ಕಚ್ಚುವ ತುದಿಯನ್ನು ಕಣ್ಣಿನ ಹತ್ತಿರ ಹಿಡಿದರು. ಅಕ್ಕಿಕಾಳಿನಷ್ಟು ವಾರೆ ಇತ್ತು. ಮೇಜಿನ ಮೇಲಿಟ್ಟರೆ ಕಾಣದ, ಹಲ್ಲಿಗೆ ಮಾತ್ರ ಗೊತ್ತಾಗುವ ವಾರೆ. ಕವಳ ತುಂಬಿದ ಕೆನ್ನೆ ಕೊಳವೆಗೆ ಪಕ್ಕದಿಂದ ಒರಗು ಕೊಡುತ್ತಿತ್ತು. ಆ ಒರಗಿಗೆ ಸರಿಯಾಗಿ ಅವನು ಅರ ಆಡಿಸಿ ಆಡಿಸಿ ತುದಿಯನ್ನು ಕೂರಿಸಿದ್ದ. ಒರಗಿಲ್ಲದ ಬಾಯಿಗೆ ಹೋದ ಪೈಪು ಬೀಳದೆ ಏನು ಮಾಡೀತು? ಯಜ್ಞೇಶರು ಯಾಕೆ ಹೊಗಳಿದರು ಎಂಬುದೂ ನನಗೆ ಅಲ್ಲೇ ಹೊಳೆಯಿತು, ಅವರ ಕೆನ್ನೆಯಲ್ಲೂ ಕವಳ ಇರುತ್ತದಲ್ಲ.

“ಒಂದು ಕೆಲ್ಸ ಮಾಡಿ,” ಎಂದು ಸುಬ್ಬರಾಯರು ನನ್ನತ್ತ ತಿರುಗಿದರು. “ಪ್ರತೀ ಪೈಪಿನ ಜೊತೆಗೆ ಒಂದು ಕವಳ ಕಟ್ಟಿ ಕಳ್ಸಿ. ಮೈಸೂರಲ್ಲಿ ಎಲೆ ಒಳ್ಳೇದೇ ಸಿಗ್ತದೆ.”

ಸುಬ್ಬಲಕ್ಷ್ಮಮ್ಮ ಗಂಡನನ್ನು ಗದರಿ ಧರ್ಮಪ್ಪನಿಗೆ ಇನ್ನೊಂದು ಕವಳ ಕೊಟ್ಟರು. ಅವನು ಅದನ್ನು ಬಾಯಿಗೆ ಹಾಕದೆ ಟವೆಲಿನ ತುದಿಗೆ ಕಟ್ಟಿಕೊಂಡ. ವಾಪಸು ಬರುವಾಗ ಹರಿಹರಪುರದ ಸೇತುವೆಯ ಹತ್ತಿರ ಕೇಳಿದ:

“ಸಾವ್ಕಾರ್ರೆ, ಆ ಕೆಂಡ ಬಿತ್ತಲ್ಲ, ಆ ಅಂಗಿ ಹೊಸದಾ?”

“ಹೊಸದೇ ಅಂತೆ.”

“ಹೂಂ,” ಎಂದ. ಕೊಪ್ಪ ದಾಟಿದ ಮೇಲೆ ಕವಳ ಬಿಚ್ಚಿ ಹಾಕಿಕೊಂಡ.

ಕಾರಣ ಸಿಕ್ಕಿತು ಎಂದ ಮಾತ್ರಕ್ಕೆ ಕೆಲಸ ಆಯಿತು ಎಂದಲ್ಲ. ಮಾರನೇ ದಿನ ಅವನು ಎಲಡಿಕೆ ಬಿಟ್ಟೇ ಲೇಥಿನ ಮುಂದೆ ಕೂತ. ಮಧ್ಯಾಹ್ನದೊಳಗೆ ಒಳ್ಳೆಯ ಎರಡು ಬುಡ ಸೀಳಿ ಹೋದವು, ಉಳಿ ಜಾರಿ ಹೆಬ್ಬೆರಳು ತರಚಿತು, ಮೋಟಾರಿಗೂ ಕೋಳಿಗೂ ಭೈರಮ್ಮನಿಗೂ ಒಂದೇ ರೀತಿಯ ಬೈಗುಳ ಸಿಕ್ಕಿತು. ನಾನು ಸಂಜೆ ಹೋದಾಗ ಭೈರಮ್ಮ ಅಂಗಳದಲ್ಲೇ ತಡೆದಳು. “ನೀವೇ ಹೇಳಿ ಸಾವ್ಕಾರ್ರೆ, ಎಲಡಿಕೆ ಹಾಕ್ಕಳಿ ಅಂತ. ಇಲ್ದಿದ್ರೆ ನಾನೇ ಕೆನ್ನೆ ಹಿಡ್ದು ತುಂಬ್ತೀನಿ. ಕವಳ ಇಲ್ದಿದ್ರೆ ಇವ್ರು ಮನುಷ್ಯರಲ್ಲ.”

ಕೆಲಸಕ್ಕೆ ಕವಳ ಬೇಕು, ಪರೀಕ್ಷೆಗೆ ಖಾಲಿ ಬಾಯಿ ಬೇಕು. ನಾನು ಪರೀಕ್ಷೆ ಮಾಡುತ್ತೇನೆ ಎಂದರೆ ಅರ ಆಡಿಸುವ ಕೈಗೂ ಕಚ್ಚುವ ಹಲ್ಲಿಗೂ ನಡುವೆ ಬಾಳಗಡಿಯಿಂದ ಸೀತೂರಿಗಿರುವಷ್ಟು ದೂರ. ಭೈರಮ್ಮನ ಬಾಯಿಯೂ ಗಂಡನ ಬಾಯಿಯ ಹಾಗೇ, ಕವಳ ತುಂಬುವ ಕೆನ್ನೆ ಮಾತ್ರ ಬಲಗಡೆಯದು. ಕೊನೆಗೆ ಧರ್ಮಪ್ಪನೇ ದಾರಿ ಕಂಡುಕೊಂಡ. ಅವನ ಬಾಯಿ ಖಾಲಿ ಇರುವ ಹೊತ್ತು ದಿನಕ್ಕೆ ಒಂದೇ ಒಂದು: ಬೆಳಿಗ್ಗೆ ಮುಖ ತೊಳೆದು, ಕಾಫಿ ಆಗುವವರೆಗೆ. ಹಿಂದಿನ ದಿನ ಮಾಡಿದ ಪೈಪಿನ ತುದಿಗೆ ಅರ ಆಡಿಸುವುದನ್ನು ಆ ಹೊತ್ತಿಗೆ ಎಂದು ಉಳಿಸಿಕೊಂಡ. ಬರೀ ನಿಂತು ನೋಡಿದರೆ ಸಾಲದು ಎಂದು ಭೈರಮ್ಮ ಕೊಡ ಕೊಟ್ಟಳು. ಪೈಪು ಕಚ್ಚಿಕೊಂಡು ಬಾವಿಯಿಂದ ನೀರು ಸೇದಬೇಕು, ಸೌದೆ ಒಡೆಯಬೇಕು, ದನ ಹೊರಗೆ ಕಟ್ಟಬೇಕು. ತಿರುಗಿದರೆ ಕೊಡ ಇಳಿಸಿ, ಅರ ತೆಗೆದು, ಮತ್ತೆ ಕಚ್ಚಬೇಕು. ಕಾಫಿಯ ವಾಸನೆ ಬರುತ್ತಿದ್ದರೂ ಲೋಟ ಮುಟ್ಟುವಂತಿಲ್ಲ.

“ಬಾಯಿ ಖಾಲಿ ಇದ್ರೂ ಮಾತಾಡಂಗಿಲ್ಲ, ಮನೆ ಕೆಲ್ಸ ಬೇರೆ ಆಗ್ತದೆ,” ಎಂದಳು ಭೈರಮ್ಮ ನನಗೆ. “ಇಷ್ಟು ಒಳ್ಳೇ ಸಾಮಾನು ಅಂತ ಗೊತ್ತಿದ್ರೆ ಮದ್ವೆ ಆದ ವರ್ಷನೇ ಒಂದು ತಂದಿಡ್ತಿದ್ದೆ.”

ಸುಳಿಯಿದ್ದ ಆ ಪೈಪಿನ ತುದಿಯನ್ನು ಅವನು ಹೀಗೆ ಬೆಳಗಿನ ಹೊತ್ತಿನಲ್ಲೇ ಸರಿಪಡಿಸಿದ. ನಾನು ಕಚ್ಚಿ ನೋಡಿದೆ, ನಿಂತಿತು. ಮೆಣಸೆಗೆ ಕಳಿಸಿದೆ. ಸುಬ್ಬರಾಯರು ಫೋನು ಮಾಡಿದರು: “ಕಚ್ಚಿಕೊಂಡೇ ನಿದ್ದೆ ಮಾಡಿದ್ದೆ, ಮಾರಾಯ್ರೆ. ಏಳೋವಾಗ ಹಾಗೇ ಇತ್ತು. ಇನ್ನು ಮೈಸೂರಿನವ್ರು ಎಂತ ಹೇಳ್ತಾರೋ ಹೇಳ್ಲಿ.” ಅವರಿಂದ ಅದನ್ನು ಬಿಡಿಸಿ ತರುವುದೇ ಕಷ್ಟವಾಯಿತು. ಇನ್ನೊಂದು ಮಾಡಿಸಿಕೊಡುತ್ತೇನೆ ಎಂದ ಮೇಲೆ ಬಿಟ್ಟುಕೊಟ್ಟರು.

ಪೈಪು ಮೈಸೂರಿಗೆ ಹೋಯಿತು. ಸತೀಶರು ಈ ಸಲ ಅದನ್ನು ಗಿರಾಕಿಗೆ ಕೊಡದೆ ತಾವೇ ಇಟ್ಟುಕೊಂಡು ನೋಡಿದರಂತೆ. ಅವರ ಮಾತು ಬಂದ ದಿನ ನಾನು ಅಂಗಡಿಯಲ್ಲಿ ಕೇಳಿಸಿಕೊಳ್ಳದೆ ನೇರ ಸೀತೂರಿಗೆ ಹೋದೆ. ಒಳ್ಳೆಯದೋ ಕೆಟ್ಟದ್ದೋ, ಅವನಿಗಿಂತ ಮೊದಲು ನಾನು ಕೇಳುವುದು ಸರಿಯಲ್ಲ ಅನ್ನಿಸಿತ್ತು. ಲೇಥು ನಿಲ್ಲಿಸಿ ಧರ್ಮಪ್ಪ ಬಂದ. ಭೈರಮ್ಮ ಬಾಗಿಲಿಗೆ ಬಂದಳು. ಫೋನು ಒತ್ತಿದೆ.

“ಸಾರ್, ನಿಂತಿದೆ. ಏನು ಮಾಡಿದ್ರಿ ಗೊತ್ತಿಲ್ಲ. ಇದೇ ಥರ ಎಷ್ಟು ಆಗತ್ತೋ ಅಷ್ಟು ಕಳಿಸ್ತಾ ಇರಿ. ಮತ್ತೆ ಅವ್ರಿಗೆ ಹೇಳಿ, ಬಟ್ಟಲಿನ ಅಂಚು ಇನ್ನೊಂಚೂರು ದುಂಡಾದ್ರೆ ಚೆನ್ನ.”

ಧರ್ಮಪ್ಪನ ಬಾಯಿ ಅಭ್ಯಾಸದಿಂದ ತೆರೆಯಿತು. “ಅಂಚು ಸರಿ ಇದೆ, ಅವ್ರ...” ಎಂದವನು ನನ್ನ ಮುಖ ನೋಡಿ ಮಿಕ್ಕಿದ್ದನ್ನು ನುಂಗಿಕೊಂಡ. “ಇರ್ಲಿ, ಮಾಡ್ತೀನಿ,” ಎಂದ.

ಯುಗಾದಿಯ ಮಾರನೇ ದಿನ ಯಜ್ಞೇಶರಿಗೆ ಮಾತು ಕೊಡಬೇಕಿತ್ತು. ಒಬ್ಬನೇ ಹೋಗಿ ಇಲ್ಲ ಎನ್ನಲು ಬಾಯಿ ಬರುವುದಿಲ್ಲ ಎಂದು ನನ್ನನ್ನೂ ಕರೆದ. ಬರಿಗೈಯಲ್ಲಿ ಹೋಗುವುದು ಬೇಡ ಎಂದು ಹೊಸ ಅಳತೆಯ ಪೈಪೊಂದನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದ. ಯಜ್ಞೇಶರು ಕಣದ ಕಟ್ಟೆಯ ಮೇಲೆ ಕೂತಿದ್ದರು, ಎಡಗೆನ್ನೆ ಕವಳದಿಂದ ತುಂಬಿತ್ತು.

“ಅಯ್ಯ, ಅಟ್ಟಣೆಗೆ ನನ್ನಿಂದ ಆಗೂದಿಲ್ಲ,” ಎಂದ ಧರ್ಮಪ್ಪ. “ಮೈಸೂರ್ನೋರು ಕೆಲ್ಸ ಹಿಡ್ಸಿದಾರೆ. ಬಿಡಾಕೆ ಆಗಲ್ಲ.”

“ಹಾಗಾದ್ರೆ ಮಂಗ ಕಾಯೋರು ಯಾರು?”

“ಭೈರಮ್ಮ ಬತ್ತಾಳಂತೆ. ನಿನ್ನೆನೇ ಡಬ್ಬ ತಗಂಡು ಹೋಗಿ ಅಟ್ಟಣೆ ಹತ್ತಿ ನೋಡ್ಕಂಡು ಬಂದಿದಾಳೆ. ಶಬ್ದ ಸರಿ ಇದೆಯಂತೆ.”

ಯಜ್ಞೇಶರಿಗೆ ಇದರಿಂದ ನಷ್ಟವೇನೂ ಇರಲಿಲ್ಲ. ಭೈರಮ್ಮನ ದನಿ ಒಂದಿದ್ದರೆ ಡಬ್ಬವೂ ಬೇಕಿಲ್ಲ ಎಂದು ನಕ್ಕು, ಪೈಪನ್ನು ಬಿಚ್ಚಿ ನೋಡಿದರು. ಚೆಂದ ಇದೆ ಎಂದರು. ಕಚ್ಚಿದರು. ಎರಡೂ ಕೈ ಎತ್ತಿದರು.

ಪೈಪು ಮೆಲ್ಲಗೆ ಎಡಕ್ಕೆ ಹೊರಳಿತು.

“ಎಂತ ಮಾರಾಯ ಇದು!” ಯಜ್ಞೇಶರು ಪೈಪು ತೆಗೆದು ಕೈಯಲ್ಲಿ ಹಿಡಿದರು. “ಮುಂಚೆ ಮಾಡ್ಕೊಟ್ಟದ್ದು ಕಂಬ ಇದ್ದಂಗೆ ಇತ್ತು. ಮೈಸೂರಿನವ್ರ ಮಾತು ಕೇಳಿ ಕೈ ಹಾಳು ಮಾಡ್ಕಂಡೆಯಲ್ಲ!”

ಧರ್ಮಪ್ಪ ಅವರ ಕೆನ್ನೆಯನ್ನು ನೋಡಿದ. ನಾನು ತೋಟದ ಕಡೆಗೆ ನೋಡುತ್ತ ನಿಂತೆ.

“ಪೈಪು ಸರಿ ಇದೆ, ಅಯ್ಯ,” ಎಂದ ಅವನು. ಉಳಿದರ್ಧವನ್ನು ಹೇಳಲಿಲ್ಲ. ಕೈ ಚಾಚಿ ಪೈಪನ್ನು ವಾಪಸು ತೆಗೆದುಕೊಂಡ. “ಇಲ್ಲಿ ಕೊಡಿ. ನಾಳೆ ಮಧ್ಯಾಹ್ನ ಊಟ ಆಗಿ ಕವಳ ಹಾಕ್ಕಂಡ ಮೇಲೆ ಒಂದು ಸಲ ಅರ ಆಡ್ಸಿ, ನಿಮ್ಮ ಅಳತೆಗೆ ತಂದ್ಕೊಡ್ತೀನಿ.”